ಡಿಡಾಸ್ ದಾಳಿ ಪತ್ತೆಯ ಚರಿತ್ರೆ: ಯಂತ್ರ ಕಲಿತದ್ದೇನು?

1996ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಇಂಟರ್ನೆಟ್ ಸೇವಾ ಸಂಸ್ಥೆ ಪ್ಯಾನಿಕ್ಸ್ ‘ಸಿನ್ ಫ್ಲಡ್’ ದಾಳಿಗೆ ಸಿಕ್ಕಿ ದಿನಗಟ್ಟಲೆ ತತ್ತರಿಸಿತು. ಸಂಪರ್ಕ ಕೋರುವ ಸಿನ್ ಪ್ಯಾಕೆಟ್‌ಗೆ ಸರ್ವರ್ ಉತ್ತರ ಕೊಟ್ಟು ಮೂರನೆಯ ಪ್ಯಾಕೆಟ್‌ಗಾಗಿ ಕಾಯುತ್ತದೆ. ಸುಳ್ಳು ವಿಳಾಸದ ಕೋರಿಕೆಗಳಲ್ಲಿ ಆ ಮೂರನೆಯದು ಬರುವುದೇ ಇಲ್ಲ. ಅರೆಬರೆ ಸಂಪರ್ಕಗಳೇ ಸಾಲನ್ನು ತುಂಬಿಕೊಂಡು ನಿಜವಾದ ಗ್ರಾಹಕರಿಗೆ ಜಾಗವಿಲ್ಲದಂತಾಗುತ್ತದೆ. ಸೇವೆಯನ್ನೇ ತಡೆಯುವ ಇಂಥ ದಾಳಿಯನ್ನು (ಹಲವು ಕಡೆಯಿಂದ ಒಮ್ಮೆಗೇ ನಡೆದರೆ ಅದು ಡಿಡಾಸ್) ಗುರುತಿಸಲು ಯಂತ್ರಕ್ಕೆ ಕಲಿಸಿದ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಗಾರಿದಂಗಳ ವಂಶಾವಳಿಯಂತೆ ಬರೆಯುತ್ತಾರೆ. ಅದನ್ನು ದತ್ತಾಂಶದ ಚರಿತ್ರೆಯಾಗಿ ಓದಬೇಕೆಂಬುದು ಈ ಲೇಖನದ ವಾದ.

ಸಹಜ ವರ್ತನೆಯ ಅಂಕಿಅಂಶ ಇಟ್ಟುಕೊಂಡು ಅಸಹಜವನ್ನು ಹಿಡಿಯುವ ಮಾದರಿಯನ್ನು ಡೊರೊತಿ ಡೆನ್ನಿಂಗ್ 1987ರಲ್ಲೇ ಮಂಡಿಸಿದ್ದರು. ಆದರೆ ಕಲಿಯಲು ಬೇಕಾದಷ್ಟು ಸಾಮಗ್ರಿ ಒದಗಿದ್ದು 1998ರಲ್ಲಿ, ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ನೆರವಿನಿಂದ ಎಂಐಟಿಯ ಲಿಂಕನ್ ಪ್ರಯೋಗಾಲಯ ಕೃತಕ ಜಾಲವೊಂದನ್ನು ಕಟ್ಟಿ ದಾಖಲಿಸಿದಾಗ. ಆ ದಾಖಲೆಯನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಸಾಲ್ ಸ್ಟಾಲ್ಫೋ, ವೆಂಕೆ ಲೀ ಮತ್ತಿತರರ ವಿಧಾನದಂತೆ ಸಂಸ್ಕರಿಸಿ, ಪ್ರತಿ ಸಂಪರ್ಕವನ್ನೂ 41 ಲಕ್ಷಣಗಳ ಒಂದು ಸಾಲಾಗಿಸಲಾಯಿತು. ಕಳೆದ ಎರಡು ಸೆಕೆಂಡುಗಳಲ್ಲಿ ಅದೇ ಯಂತ್ರಕ್ಕೆ ಎಷ್ಟು ಸಂಪರ್ಕ ಬಂತು, ಅವುಗಳಲ್ಲಿ ಎಷ್ಟು ಪಾಲು ಸಿನ್ ಹಂತದಲ್ಲೇ ನಿಂತಿತು ಎಂಬಂಥವು ಆ ಲಕ್ಷಣಗಳು. ದತ್ತಾಂಶ ಗಣಿಗಾರಿಕೆಯ ಸಮ್ಮೇಳನವಾದ ಕೆಡಿಡಿ ನಡೆಸಿದ 1999ರ ಕೆಡಿಡಿ ಕಪ್ ಸ್ಪರ್ಧೆಯ ದತ್ತಾಂಶ ಇದೇ.

ಎಣಿಸಿ ನೋಡಿದರೆ ಕಥೆ ಬೇರೆಯೇ ಇದೆ. ತರಬೇತಿಯ 48,98,431 ಸಾಲುಗಳಲ್ಲಿ 28,07,886 ‘ಸ್ಮರ್ಫ್’, 10,72,017 ‘ನೆಪ್ಚೂನ್’, ಅಂದರೆ ಸಿನ್ ಫ್ಲಡ್. ಕಣ್ಣುಮುಚ್ಚಿ ಎಲ್ಲವನ್ನೂ ದಾಳಿ ಎಂದುಬಿಟ್ಟರೂ ಐದರಲ್ಲಿ ನಾಲ್ಕು ಸರಿಹೋಗುತ್ತವೆ! ಸ್ಮರ್ಫ್ ದಾಳಿಕೋರ ಗುರಿಯ ವಿಳಾಸವನ್ನೇ ಕಳುಹಿಸುವವನ ವಿಳಾಸವೆಂದು ನಮೂದಿಸಿ ಒಂದು ಜಾಲದ ಬ್ರಾಡ್‌ಕಾಸ್ಟ್ ವಿಳಾಸಕ್ಕೆ ಪಿಂಗ್ ಕಳಿಸುತ್ತಾನೆ. ಅಲ್ಲಿನ ಕಂಪ್ಯೂಟರ್‌ಗಳೆಲ್ಲ ಗುರಿಯ ಮೇಲೆ ಉತ್ತರ ಸುರಿಸುತ್ತವೆ. ಹೊರಗಿನಿಂದ ಬರುವ ಇಂಥ ಪ್ಯಾಕೆಟ್‌ಗಳನ್ನು ರೂಟರ್‌ಗಳು ತಾವಾಗಿ ಮುಂದಕ್ಕೆ ದಾಟಿಸಬಾರದೆಂದು ಆರ್‌ಎಫ್‌ಸಿ 2644 ವಿಧಿಸಿದ್ದು 1999ರ ಆಗಸ್ಟ್‌ನಲ್ಲಿ, ಕೆಡಿಡಿ ಸಮ್ಮೇಳನ ನಡೆದ ತಿಂಗಳಲ್ಲೇ. ರೋಗಕ್ಕೆ ಮದ್ದು ಬಂದ ಮೇಲೂ ವರ್ಷಾನುಗಟ್ಟಲೆ ಪ್ರಬಂಧಗಳು ಅದೇ ರೋಗವನ್ನು ಶೇ. 99ರ ನಿಖರತೆಯಲ್ಲಿ ಪತ್ತೆಹಚ್ಚುತ್ತಲೇ ಹೋದವು.

ಮೂಲ ಡಾರ್ಪಾ ದಾಖಲೆಯಲ್ಲೂ ಹುಳುಕಿತ್ತು. ಜಾನ್ ಮೆಕ್‌ಹ್ಯೂ 2000ದಲ್ಲಿ ಅದರ ರಚನಾಕ್ರಮವನ್ನೇ ಪ್ರಶ್ನಿಸಿದರು. 2003ರಲ್ಲಿ ಮ್ಯಾಥ್ಯೂ ಮಹೋನಿ ಮತ್ತು ಫಿಲಿಪ್ ಚಾನ್ ಅದೇ ಪ್ರಯೋಗಾಲಯದ 1999ರ ದಾಖಲೆಯಲ್ಲಿ ಇನ್ನೂ ಇಕ್ಕಟ್ಟಿನ ಸಂಗತಿ ಹೊರಗೆಡವಿದರು: ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದೆಂದು ಹೇಳುವ ಟಿಟಿಎಲ್‌ನ 126 ಮತ್ತು 253 ಎಂಬ ಮೌಲ್ಯಗಳು ದಾಳಿಗಳಲ್ಲಷ್ಟೇ ಕಾಣುತ್ತಿದ್ದವು, ಸಹಜ ಪ್ಯಾಕೆಟ್‌ಗಳಲ್ಲಿ ಹೆಚ್ಚಾಗಿ 127, 254. ಪ್ರಯೋಗಾಲಯದ ಜೋಡಣೆಯ ಈ ಗುರುತೊಂದನ್ನು ಕಲಿತರೂ ಯಂತ್ರ ಜಾಣನಂತೆ ಕಾಣುತ್ತಿತ್ತು.

ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದ ತಂಡ 2009ರಲ್ಲಿ ಕೆಡಿಡಿ ತರಬೇತಿ ಸಾಲುಗಳಲ್ಲಿ ಶೇ. 78ರಷ್ಟು ಪುನರಾವರ್ತನೆಯೆಂದು ತೋರಿಸಿ, ಅವನ್ನು ತೆಗೆದು ಎನ್‌ಎಸ್‌ಎಲ್-ಕೆಡಿಡಿ ರೂಪಿಸಿತು. ಮರುವರ್ಷ ರಾಬಿನ್ ಸೊಮ್ಮರ್ ಮತ್ತು ವರ್ನ್ ಪ್ಯಾಕ್ಸನ್, ಇಷ್ಟೊಂದು ಸಂಶೋಧನೆಯಿದ್ದೂ ನಿಜವಾದ ಜಾಲಗಳಲ್ಲಿ ಯಂತ್ರಕಲಿಕೆಯ ಬಳಕೆ ಏಕೆ ಇಷ್ಟು ವಿರಳವೆಂದು ಕೇಳಿದರು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಪ್ರಶ್ನೆ ಅದೇ.

ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದ್ದೇ ಆದ ಸಿಐಸಿ-ಐಡಿಎಸ್2017 ದತ್ತಾಂಶ ಹೊಸ ದಾಳಿಗಳನ್ನು ತಂದಿತು, ಹೊಸ ತಪ್ಪುಗಳನ್ನೂ. ಸಂಪರ್ಕ ಮುಗಿಸುವ ಮೊದಲ ಫಿನ್ ಪ್ಯಾಕೆಟ್ ಕಂಡೊಡನೆ ಆ ದತ್ತಾಂಶವನ್ನು ತಯಾರಿಸಿದ ಉಪಕರಣ ಸಂಪರ್ಕವನ್ನು ಕತ್ತರಿಸುತ್ತಿತ್ತು. ಉಳಿದ ಬಾಲ ಬೇರೆಯೇ ಸಂಪರ್ಕವೆಂದು ದಾಖಲಾಗುತ್ತಿತ್ತು. 2021ರಲ್ಲಿ ಗಿಂಟ್ಸ್ ಎಂಗೆಲೆನ್ ಮತ್ತು ಸಂಗಡಿಗರು ಇದನ್ನೂ ಇತರ ದೋಷಗಳನ್ನೂ ಸರಿಪಡಿಸಹೊರಟಾಗ ಶೇ. 20ಕ್ಕೂ ಹೆಚ್ಚು ದಾಖಲೆಗಳನ್ನು ಮತ್ತೆ ಕಟ್ಟಬೇಕಾಯಿತು, ಇಲ್ಲವೇ ಅವಕ್ಕೆ ಬೇರೆ ಹಣೆಪಟ್ಟಿ ಹಚ್ಚಬೇಕಾಯಿತು.