ಸವಾರನಿಗೆ ತಕ್ಕ ಕುದುರೆ, ಕೈಗೆ ತಕ್ಕ ರ‍್ಯಾಕೆಟ್

ಕುಣಿಗಲ್ ಎಂದೊಡನೆ ಹೊರಗಿನವರಿಗೆ ಮೊದಲು ನೆನಪಾಗುವುದು ಜನಪದರು ಹಾಡಿ ಹೊಗಳಿದ ಕೆರೆ. ಆಮೇಲೆ ಕುದುರೆ ಫಾರಂ. ಟಿಪ್ಪು ಸುಲ್ತಾನನ ಕಾಲದಲ್ಲಿ ಇಲ್ಲಿ ಬೆಳೆಸುತ್ತಿದ್ದುದು ಸೇನೆಯ ಅಶ್ವದಳಕ್ಕೆ ಬೇಕಾದ ಕುದುರೆಗಳನ್ನು. ಮುಂದೆ ಅದೇ ನೆಲದಲ್ಲಿ ರೇಸಿನ ಕುದುರೆಗಳು ಹುಟ್ಟಿ ಬೆಳೆದವು. ಯುದ್ಧದ ಕುದುರೆಯೇ ಬೇರೆ, ರೇಸಿನ ಕುದುರೆಯೇ ಬೇರೆ, ಸವಾರಿ ಕಲಿಯುವವನಿಗೆ ಕೊಡಬೇಕಾದದ್ದೇ ಬೇರೆ ಎಂಬುದನ್ನು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಟೆನಿಸ್ ರ‍್ಯಾಕೆಟ್ ಕೊಳ್ಳುವಾಗ ಮಾತ್ರ ಈ ವಿವೇಕ ಎಷ್ಟೋ ಜನರಿಗೆ ಮರೆತುಹೋಗುತ್ತದೆ. ಒಂದೆರಡು ವರ್ಷ ಆಡಿ, ಚೆಂಡನ್ನು ತಕ್ಕಮಟ್ಟಿಗೆ ಬಲೆಯಾಚೆ ದಾಟಿಸಬಲ್ಲ ನಡುಹಂತದ ಆಟಗಾರ ಅಂಗಡಿಯಲ್ಲಿ ಕೈ ತೋರಿಸುವುದು ಟಿ.ವಿ.ಯಲ್ಲಿ ಚಾಂಪಿಯನ್ ಹಿಡಿದಿದ್ದ ರ‍್ಯಾಕೆಟ್ಟಿನ ಕಡೆಗೆ. ಸಾವಿರಾರು ರೂಪಾಯಿ ಖರ್ಚಾಗುತ್ತದೆ, ಆಟ ಸುಧಾರಿಸುವುದಿಲ್ಲ. ಕೆಲವೊಮ್ಮೆ ಮೊಣಕೈ ನೋವೂ ಜತೆಗೂಡುತ್ತದೆ. ಈ ಆಯ್ಕೆ ಎಲ್ಲಿ ಎಡವುತ್ತದೆ ಎಂಬುದನ್ನು ರ‍್ಯಾಕೆಟ್ಟಿನ ಚರಿತ್ರೆಯೇ ಹೇಳುತ್ತದೆ.

ಇಂಗ್ಲೆಂಡಿನ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಲಾನ್ ಟೆನಿಸ್ ಆಟಕ್ಕೆ ಪೇಟೆಂಟ್ ಪಡೆದದ್ದು 1874ರಲ್ಲಿ. ಮೊದಲ ವಿಂಬಲ್ಡನ್ ನಡೆದದ್ದು 1877ರಲ್ಲಿ. ಅಲ್ಲಿಂದ ಹೆಚ್ಚುಕಡಿಮೆ ನೂರು ವರ್ಷ ರ‍್ಯಾಕೆಟ್ ಎಂದರೆ ಮರದ್ದೇ. ಮರದ ಪಟ್ಟಿಗಳನ್ನು ಬಗ್ಗಿಸಿ, ಅಂಟಿಸಿ ಚೌಕಟ್ಟು ಮಾಡುತ್ತಿದ್ದರು; ದನ, ಕುರಿಗಳ ಕರುಳಿನ ತಂತಿ ಹೆಣೆಯುತ್ತಿದ್ದರು. ತೇವಕ್ಕೆ ಚೌಕಟ್ಟು ಸೊಟ್ಟಗಾಗದಂತೆ ಆಟ ಮುಗಿದ ಮೇಲೆ ಅದನ್ನು ನಾಲ್ಕು ತಿರುಪುಗಳ ಮರದ ಹಿಡಿಕೆಯಲ್ಲಿ ಬಿಗಿದಿಡುವುದು ವಾಡಿಕೆಯಾಗಿತ್ತು.

ಭಾರತದಲ್ಲಿ ಈ ಕಸುಬು ನೆಲೆಗೊಂಡಿದ್ದುದು ಪಂಜಾಬಿನ ಸಿಯಾಲ್‌ಕೋಟ್‌ನಲ್ಲಿ. 1947ರ ವಿಭಜನೆಯ ನಂತರ ಅನೇಕ ಕುಶಲಕರ್ಮಿಗಳು ಗಡಿ ದಾಟಿ ಜಲಂಧರ್, ಮೀರತ್ ಸೇರಿದರು. ಅವರು ಬಳಸುತ್ತಿದ್ದ ಮರಗಳಲ್ಲಿ ಒಂದು ಕುಣಿಗಲ್ ಸೀಮೆಯ ರೈತರಿಗೆ ಚಿರಪರಿಚಿತ: ಹಿಪ್ಪುನೇರಳೆ. ಇಲ್ಲಿ ಮೈಸೂರು ತಳಿಯ ರೇಷ್ಮೆಹುಳುವಿಗೆ ಸೊಪ್ಪಾಗುವ ಗಿಡ, ಉತ್ತರದಲ್ಲಿ ಮರವಾಗಿ ಬೆಳೆದು ಹಾಕಿ ಕೋಲು, ಟೆನಿಸ್ ರ‍್ಯಾಕೆಟ್‌ಗಳಿಗೆ ಒದಗುತ್ತಿತ್ತು.

ಮರದ ರ‍್ಯಾಕೆಟ್ಟಿನ ತಲೆಭಾಗದ ವಿಸ್ತೀರ್ಣ ಸುಮಾರು 65 ಚದರ ಇಂಚು. ತೂಕ 400 ಗ್ರಾಂಗೆ ಹತ್ತಿರ. ಚೆಂಡು ತಂತಿಯ ನಟ್ಟನಡುವೆ ತಗುಲಿದರೆ ಹೊಡೆತ ಸೊಗಸು. ಒಂದಿಷ್ಟು ಆಚೀಚೆಯಾದರೂ ರ‍್ಯಾಕೆಟ್ ಕೈಯಲ್ಲೇ ತಿರುಚಿಕೊಳ್ಳುತ್ತಿತ್ತು. 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದ ರಾಮನಾಥನ್ ಕೃಷ್ಣನ್ ಅವರಂಥ ಕಲಾವಂತರ ಕೈಯಲ್ಲಿ ಅದು ವೀಣೆಯಂತೆ ನುಡಿಯುತ್ತಿತ್ತು. ಭಾನುವಾರದ ಆಟಗಾರನ ತಪ್ಪನ್ನು ಮಾತ್ರ ಅದು ಕ್ಷಮಿಸುತ್ತಿರಲಿಲ್ಲ.

ಮರದ ಏಕಚಕ್ರಾಧಿಪತ್ಯಕ್ಕೆ ಮೊದಲ ಪೆಟ್ಟು ಕೊಟ್ಟದ್ದು ಉಕ್ಕು. ಫ್ರಾನ್ಸಿನ ಹಳೆಯ ಚಾಂಪಿಯನ್ ರೆನೆ ಲಕೋಸ್ಟ್ ರೂಪಿಸಿದ ಉಕ್ಕಿನ ಕೊಳವೆಯ ರ‍್ಯಾಕೆಟ್ 1967ರಲ್ಲಿ ಅಮೆರಿಕದ ವಿಲ್ಸನ್ ಕಂಪನಿಯ ಮೂಲಕ ‘ಟಿ 2000’ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಜಿಮ್ಮಿ ಕಾನರ್ಸ್ ಅದನ್ನು ಜಗತ್ಪ್ರಸಿದ್ಧಗೊಳಿಸಿದ. ಆದರೆ ಅದರ ತಲೆ ಹಿಂದಿನಷ್ಟೇ ಚಿಕ್ಕದು. ನಿಜವಾದ ತಿರುವು ಬಂದದ್ದು ಚಾಂಪಿಯನ್ನನಿಂದಲ್ಲ, ಆಡಲು ಬಾರದವನಿಂದ.

ಆತನ ಹೆಸರು ಹೊವಾರ್ಡ್ ಹೆಡ್. ವಿಮಾನ ತಯಾರಿಕೆಯಲ್ಲಿ ಪಳಗಿದ ಅಮೆರಿಕದ ಎಂಜಿನಿಯರ್. ಹಿಮದ ಮೇಲೆ ಜಾರುವ ಲೋಹದ ಸ್ಕೀಗಳನ್ನು ಮಾಡಿ ಹೆಸರು ಗಳಿಸಿ, 1969ರಲ್ಲಿ ಆ ಕಂಪನಿಯನ್ನು ಮಾರಿ, ನಡುವಯಸ್ಸು ದಾಟಿದ ಮೇಲೆ ಟೆನಿಸ್ ಕಲಿಯಲು ಹೊರಟವನು. ಆಟ ಒಲಿಯಲಿಲ್ಲ. ಚೆಂಡು ನಡುವಿಗೆ ಬೀಳದಾಗಲೆಲ್ಲ ರ‍್ಯಾಕೆಟ್ ತಿರುಚಿಕೊಳ್ಳುವುದನ್ನು ಆತ ಎಂಜಿನಿಯರನ ಕಣ್ಣಿನಿಂದ ನೋಡಿದ. ಪರಿಹಾರ ಸರಳವಾಗಿತ್ತು. ತೂಕ ಹೆಚ್ಚಿಸದೆ ತಲೆಯನ್ನು ಅಗಲಿಸಿದರೆ ತಿರುಚುವಿಕೆಗೆ ಒಡ್ಡುವ ತಡೆ ಅಗಲದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಗಲ ಶೇ 20 ಹೆಚ್ಚಿದರೆ ತಡೆ ಶೇ 44 ಹೆಚ್ಚುತ್ತದೆ. ಇಷ್ಟಗಲದ ಚೌಕಟ್ಟನ್ನು ಮರದಲ್ಲಿ ಮಾಡಿದರೆ ಭಾರವಾಗುತ್ತದೆ, ಇಲ್ಲವೇ ಮುರಿಯುತ್ತದೆ. ಅಲ್ಯೂಮಿನಿಯಂ ಆ ಕೊರತೆ ನೀಗಿತು. 1976ರಲ್ಲಿ ಬಂದ ‘ಪ್ರಿನ್ಸ್ ಕ್ಲಾಸಿಕ್’ನ ತಲೆಯ ವಿಸ್ತೀರ್ಣ ಸುಮಾರು 110 ಚದರ ಇಂಚು.

ಹಿಮದಲ್ಲಿ ನಡೆಯುವ ಪಾದರಕ್ಷೆಯಂತಿದ್ದ ಅದನ್ನು ಕಂಡು ನಕ್ಕವರು ಬಹಳ. 1978ರಲ್ಲಿ 16 ವರ್ಷದ ಪ್ಯಾಮ್ ಶ್ರೈವರ್ ಅದನ್ನೇ ಹಿಡಿದು ಅಮೆರಿಕ ಓಪನ್ ಫೈನಲ್ ತಲುಪಿದಾಗ ನಗುವಿನ ಸದ್ದು ಅಡಗಿತು. ರ‍್ಯಾಕೆಟ್ ಹೇಗಿರಬೇಕೆಂಬ ನಿಯಮವನ್ನು ಅಂತರರಾಷ್ಟ್ರೀಯ ಫೆಡರೇಷನ್ ಮೊದಲು ಬರೆದದ್ದೂ ಅದೇ 1978ರಲ್ಲಿ. ಇಂದಿನ ನಿಯಮದಂತೆ ಉದ್ದ 29 ಇಂಚು, ಅಗಲ 12.5 ಇಂಚು ಮೀರುವಂತಿಲ್ಲ.

1980ರ ದಶಕದಲ್ಲಿ ಹಗುರವೂ ಗಡುಸೂ ಆದ ಗ್ರಾಫೈಟ್ ಎಲ್ಲವನ್ನೂ ಬದಿಗೊತ್ತಿತು. ಮರದ ರ‍್ಯಾಕೆಟ್ಟಿನಲ್ಲಿ ವಿಂಬಲ್ಡನ್ ಪುರುಷರ ಪಟ್ಟ ಗೆದ್ದವರಲ್ಲಿ ಕೊನೆಯವನು 1981ರ ಜಾನ್ ಮೆಕೆನ್ರೊ. ಬ್ಯೋನ್ ಬೋರ್ಗ್ 1991ರಲ್ಲಿ ಹಳೆಯ ಮರದ ರ‍್ಯಾಕೆಟ್ ಹಿಡಿದೇ ಮಾಂಟೆ ಕಾರ್ಲೊ ಟೂರ್ನಿಗೆ ಮರಳಿ, ಮೊದಲ ಸುತ್ತಿನಲ್ಲೇ ಸೋತ. ಕೊಡಗಿನಲ್ಲಿ ಬೆಳೆದ ರೋಹನ್ ಬೋಪಣ್ಣ ಹುಟ್ಟಿದ್ದು 1980ರಲ್ಲಿ. ಗ್ರಾಫೈಟ್ ಯುಗದೊಂದಿಗೇ ಬೆಳೆದವರು. 2024ರಲ್ಲಿ, ತಮ್ಮ 43ನೇ ವಯಸ್ಸಿನಲ್ಲಿ, ಅವರು ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು.

ಹೀಗೆ ಸಾಮಾನ್ಯನ ಕಷ್ಟಕ್ಕೆಂದು ಹುಟ್ಟಿದ ಉಪಕರಣ ಚಾಂಪಿಯನ್ನರ ಕೈ ಸೇರಿತು. ಆಮೇಲೆ ಪ್ರವಾಹ ತಿರುವುಮುರುವಾಯಿತು. ಚಾಂಪಿಯನ್ನನ ಹೆಸರು ಹೇಳಿ ಸಾಮಾನ್ಯನಿಗೆ ಮಾರುವ ಕಾಲ ಬಂತು. ಪೀಟ್ ಸಾಂಪ್ರಾಸ್ ಬಳಸಿದ್ದು 85 ಚದರ ಇಂಚಿನ ಭಾರದ ರ‍್ಯಾಕೆಟ್. ದಿನವೂ ಗಂಟೆಗಟ್ಟಲೆ ಪಳಗಿದ ತೋಳಿಗೆ ಅದು ಹಿಡಿತ ಕೊಡುತ್ತಿತ್ತು. ವಾರಕ್ಕೆರಡು ದಿನ ಆಡುವ ತೋಳಿಗೆ ಅದು ಬರೀ ಹೊರೆ. ರೋಜರ್ ಫೆಡರರ್‌ನಂಥವನೇ 90 ಚದರ ಇಂಚಿನದನ್ನು ಬಿಟ್ಟು 2014ರಲ್ಲಿ 97ಕ್ಕೆ ಬದಲಾಯಿಸಿಕೊಂಡ. 2017ರಲ್ಲಿ ಅದರಲ್ಲೇ ಆಸ್ಟ್ರೇಲಿಯನ್ ಓಪನ್ ಗೆದ್ದ. ಇನ್ನು ಅನೇಕ ವೃತ್ತಿಪರರು ಹಳೆಯ ಮಾದರಿಯ ಮೇಲೆ ಹೊಸ ಮಾದರಿಯ ಬಣ್ಣ ಬಳಿಸಿಕೊಂಡು ಆಡುವುದುಂಟು. ಟಿ.ವಿ.ಯಲ್ಲಿ ಕಂಡದ್ದೇ ಅಂಗಡಿಯಲ್ಲಿ ಸಿಗುತ್ತದೆಂಬ ಭರವಸೆಯೂ ಇಲ್ಲ.

ಹಾಗಾದರೆ ಕುಣಿಗಲ್ಲಿನಿಂದ 70 ಕಿ.ಮೀ. ಪ್ರಯಾಣ ಮಾಡಿ ಬೆಂಗಳೂರಿನ ಅಂಗಡಿಗೆ ಹೋದ ನಡುಹಂತದ ಆಟಗಾರ ಏನನ್ನು ನೋಡಬೇಕು? ಚೌಕಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಅಂಕಿಗಳನ್ನು. ತಲೆಭಾಗ 98ರಿಂದ 102 ಚದರ ಇಂಚು, ತಂತಿಯಿಲ್ಲದ ತೂಕ 280ರಿಂದ 305 ಗ್ರಾಂ ಇದ್ದರೆ ಹೆಚ್ಚಿನವರಿಗೆ ಹಿತ. ತೀರಾ ಹಗುರವಾದದ್ದು ವೇಗದ ಚೆಂಡಿಗೆ ಕದಲುತ್ತದೆ. ತೀರಾ ಭಾರವಾದದ್ದು ಎರಡನೇ ಸೆಟ್ಟಿಗೆ ತೋಳನ್ನು ದಣಿಸುತ್ತದೆ. ಹಿಡಿಯನ್ನು ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ತೂರುವಷ್ಟು ಜಾಗವಿರಬೇಕು.

ತಂತಿಯ ಮಾತೂ ಅಷ್ಟೇ ಮುಖ್ಯ. 1997ರಲ್ಲಿ ಗುಸ್ತಾವೊ ಕ್ಯುರ್ಟೆನ್ ಫ್ರೆಂಚ್ ಓಪನ್ ಗೆದ್ದ ಮೇಲೆ ಪಾಲಿಯೆಸ್ಟರ್ ತಂತಿ ಎಲ್ಲೆಡೆ ಹಬ್ಬಿತು. ಅದು ಚೆಂಡಿಗೆ ತಿರುಗಣೆ ಕೊಡುತ್ತದೆ ನಿಜ. ಆದರೆ ಗಡುಸು ಚೌಕಟ್ಟಿಗೆ ಗಡುಸು ತಂತಿ ಸೇರಿದರೆ ಪ್ರತಿ ಹೊಡೆತದ ಅದುರು ಮೊಣಕೈಗೆ ಹೋಗುತ್ತದೆ. ಮೃದುವಾದ ತಂತಿಯನ್ನು 50ರಿಂದ 55 ಪೌಂಡ್ ಬಿಗಿತದಲ್ಲಿ ಹಾಕಿಸುವುದು ನಡುಹಂತದ ತೋಳಿಗೆ ಕ್ಷೇಮ. ಹೊಸ ರ‍್ಯಾಕೆಟ್ಟಿಗೆ ದುಡ್ಡು ಸುರಿಯುವ ಮುನ್ನ ಹಳೆಯದರ ತಂತಿ ಬದಲಿಸಿ ನೋಡಿದರೆ ಎಷ್ಟೋ ಸಲ ಅದೇ ಸಾಕಾಗುತ್ತದೆ. ಕೊಳ್ಳಲೇಬೇಕಾದಾಗ, ಜತೆಗಾರರ ಎರಡು ಮೂರು ರ‍್ಯಾಕೆಟ್‌ಗಳಲ್ಲಿ ಒಂದೊಂದು ಗಂಟೆ ಆಡಿ ನಿರ್ಧರಿಸುವುದು ಜಾಣತನ.

ಹೊವಾರ್ಡ್ ಹೆಡ್ ತನ್ನನ್ನು ಕೇಳಿಕೊಂಡದ್ದು ಚಾಂಪಿಯನ್ ಯಾವುದನ್ನು ಹಿಡಿದಿದ್ದಾನೆ ಎಂದಲ್ಲ. ತನ್ನ ಚೆಂಡು ಎಲ್ಲಿ ತಪ್ಪುತ್ತಿದೆ ಎಂದು. ಆ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡವನಿಗೆ ಅಂಗಡಿಯಲ್ಲಿ ತನಗೆ ಬೇಕಾದ ರ‍್ಯಾಕೆಟ್ ಹುಡುಕುವುದು ಕಷ್ಟವಾಗದು.