ಪ್ರವಾಸಿ ಕೈಪಿಡಿಗಳ ಉಪಯುಕ್ತತೆ

ಪ್ರವಾಸಿ ಕೈಪಿಡಿ ಎಂದರೆ ಒಂದು ಊರು, ಪ್ರಾಂತ ಅಥವಾ ದೇಶವನ್ನು ನೋಡಲು ಹೋಗುವವರಿಗೆ ಅಲ್ಲಿಯ ದಾರಿ, ವಸತಿ, ಊಟೋಪಚಾರ, ಪ್ರೇಕ್ಷಣೀಯ ಸ್ಥಳಗಳು ಮತ್ತು ಅವುಗಳ ಹಿನ್ನೆಲೆಯನ್ನು ಕ್ರಮಬದ್ಧವಾಗಿ ತಿಳಿಸುವ, ಪ್ರಯಾಣದಲ್ಲಿ ಜೊತೆಗೆ ಒಯ್ಯಬಹುದಾದ ಮುದ್ರಿತ ಪುಸ್ತಕ. ಲೇಖಕನು ತಾನು ಕಂಡುಂಡದ್ದನ್ನು ನಿರೂಪಿಸುವ ಪ್ರವಾಸ ಕಥನ, ಕ್ಷೇತ್ರದ ಮಹಿಮೆಯನ್ನು ಭಕ್ತರಿಗೆ ಸಾರುವ ಸ್ಥಳಪುರಾಣ, ಆಡಳಿತದ ಅನುಕೂಲಕ್ಕಾಗಿ ಜಿಲ್ಲೆಯ ಮಾಹಿತಿಯನ್ನೆಲ್ಲ ಕ್ರೋಡೀಕರಿಸುವ ಗೆಜೆಟಿಯರ್ ಇವುಗಳೊಂದಿಗೆ ಕೈಪಿಡಿಗೆ ನಂಟುಂಟಾದರೂ ಅದರ ಉದ್ದೇಶ ಬೇರೆ. ಅಪರಿಚಿತ ಸ್ಥಳದಲ್ಲಿ ನಿಂತ ಓದುಗನು ಎಲ್ಲಿಗೆ ಹೋಗಬೇಕು, ಏನನ್ನು ನೋಡಬೇಕು, ನೋಡಿದ್ದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನು ತಾನೇ ನಿರ್ಧರಿಸಲು ನೆರವಾಗುವುದು ಅದರ ಕೆಲಸ. ಅದರ ಉಪಯುಕ್ತತೆಯನ್ನು ಅಳೆಯಬೇಕಾದುದೂ ಈ ಕೆಲಸದಿಂದಲೇ.

ಬೆಳವಣಿಗೆ

ಈ ಬಗೆಯ ಬರವಣಿಗೆ ಮುದ್ರಣಕ್ಕಿಂತ ಹಳೆಯದು. ಕ್ರಿ.ಶ. 2ನೆಯ ಶತಮಾನದ ಪೌಸೇನಿಯಸ್ ಗ್ರೀಸಿನ ದೇವಾಲಯಗಳನ್ನೂ ಸ್ಮಾರಕಗಳನ್ನೂ 10 ಸಂಪುಟಗಳಲ್ಲಿ ವರ್ಣಿಸಿದ. 12ನೆಯ ಶತಮಾನದಲ್ಲಿ ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೆಲಾಕ್ಕೆ ಹೋಗುವ ಕ್ರೈಸ್ತ ಯಾತ್ರಿಕರಿಗಾಗಿ ದಾರಿ, ನದಿ, ತಂಗುದಾಣಗಳನ್ನು ತಿಳಿಸುವ ಕೈಬರಹದ ಗ್ರಂಥ ಸಿದ್ಧವಾಯಿತು. ಆಧುನಿಕ ಕೈಪಿಡಿಯ ರೂಪ ನಿಶ್ಚಿತವಾದುದು 19ನೆಯ ಶತಮಾನದಲ್ಲಿ, ರೈಲು ಮತ್ತು ಹಬೆಹಡಗುಗಳು ಮಧ್ಯಮ ವರ್ಗದವರಿಗೆ ಪ್ರಯಾಣವನ್ನು ಸುಲಭಗೊಳಿಸಿದಾಗ. ಲಂಡನ್ನಿನ ಜಾನ್ ಮರ್ರೆ 1836ರಲ್ಲಿ ಯುರೋಪ್ ಖಂಡದ ಪ್ರವಾಸಿಗರಿಗಾಗಿ ತಂದ ಕೈಪಿಡಿಯೂ ಜರ್ಮನಿಯ ಕೊಬ್ಲೆನ್ಸ್ ನಗರದ ಕಾರ್ಲ್ ಬೇಡೆಕರ್ 1830ರ ದಶಕದಿಂದ ಪ್ರಕಟಿಸುತ್ತ ಬಂದ ಪುಸ್ತಕಗಳೂ ಮುಂದಿನವರಿಗೆ ಮಾದರಿಯಾದವು. ಮರ್ರೆ ಸಂಸ್ಥೆಗಾಗಿ ಎಡ್ವರ್ಡ್ ಈಸ್ಟ್‌ವಿಕ್ ಸಿದ್ಧಪಡಿಸಿದ, ಮದ್ರಾಸ್ ಮತ್ತು ಮುಂಬಯಿ ಪ್ರಾಂತಗಳನ್ನು ಕುರಿತ ಭಾರತದ ಕೈಪಿಡಿ 1859ರಲ್ಲಿ ಹೊರಬಂದಿತು. 20ನೆಯ ಶತಮಾನದಲ್ಲಿ ಮೋಟಾರು ಸವಾರರಿಗಾಗಿ ಮಿಶೆಲಿನ್ (1900), ಮಿತವ್ಯಯದ ಪ್ರವಾಸಿಗರಿಗಾಗಿ ಆರ್ಥರ್ ಫ್ರಾಮರ್ (1957), ಏಷ್ಯವನ್ನು ನೆಲದ ಹಾದಿಯಲ್ಲಿ ದಾಟುವ ಯುವಜನರಿಗಾಗಿ ಲೋನ್ಲಿ ಪ್ಲಾನೆಟ್ (1973) ಹೀಗೆ ಒಂದೊಂದು ಓದುಗವರ್ಗಕ್ಕೂ ಒಂದೊಂದು ಮಾಲೆ ಹುಟ್ಟಿಕೊಂಡಿತು.

ಮಾಹಿತಿಯ ಆಯುಷ್ಯ

ಕೈಪಿಡಿಯ ಬೆಲೆ ಕಟ್ಟುವಾಗ ಮೊದಲು ಗಮನಿಸಬೇಕಾದುದು, ಅದರೊಳಗಿನ ಮಾಹಿತಿಯೆಲ್ಲ ಒಂದೇ ವೇಗದಲ್ಲಿ ಹಳತಾಗುವುದಿಲ್ಲ ಎಂಬ ಸಂಗತಿ. ಬಾಡಿಗೆ, ಪ್ರವೇಶದರ, ಬಸ್ಸು ರೈಲುಗಳ ವೇಳೆ ಇವು ಅಚ್ಚಿನ ಮನೆಯಿಂದ ಪುಸ್ತಕ ಹೊರಬರುವಷ್ಟರಲ್ಲಿಯೇ ಬದಲಾಗಬಹುದು. ದಿನಕ್ಕೆ 5 ಡಾಲರಿನಲ್ಲಿ ಯುರೋಪನ್ನು ಸುತ್ತಬಹುದೆಂದು ಹೆಸರಿನಲ್ಲಿಯೇ ಹೇಳಿದ್ದ ಫ್ರಾಮರನ ಪುಸ್ತಕದ ಶೀರ್ಷಿಕೆಯ ಮೊತ್ತವನ್ನು ಮುಂದಿನ ಆವೃತ್ತಿಗಳಲ್ಲಿ ಏರಿಸುತ್ತಲೇ ಹೋಗಬೇಕಾಯಿತು. ರಸ್ತೆ, ಬಡಾವಣೆ, ಆಡಳಿತ ವಿಭಾಗಗಳು ಕೆಲವು ವರ್ಷ ನಿಲ್ಲುತ್ತವೆ. ಶಿಲ್ಪ, ವಾಸ್ತು, ಶಾಸನ, ಭೂಲಕ್ಷಣಗಳ ವಿವರಣೆಯಾದರೋ ಶತಮಾನಗಳವರೆಗೆ ಬಾಳಬಲ್ಲದು: ಪುರಾತತ್ತ್ವಾನ್ವೇಷಕ ಹೈನ್ರಿಷ್ ಶ್ಲೀಮನ್ 1876ರಲ್ಲಿ ಗ್ರೀಸಿನ ಮೈಸಿನೀಯ ಕೋಟೆಯೊಳಗೆ ಸಮಾಧಿಗಳನ್ನು ಹುಡುಕಿ ಅಗೆದದ್ದು ಪೌಸೇನಿಯಸನ ಬರವಣಿಗೆಯನ್ನು ನಂಬಿ.

ಹಂಪೆಯ ಉದಾಹರಣೆಯಲ್ಲಿ ಈ ಭೇದ ಎದ್ದುಕಾಣುತ್ತದೆ. ಪುರಾತತ್ತ್ವ ಇಲಾಖೆಯ ಎ. ಎಚ್. ಲಾಂಗ್‌ಹರ್ಸ್ಟ್ ಹಂಪೆಯ ಅವಶೇಷಗಳನ್ನು ಕುರಿತು 1917ರಲ್ಲಿ ಪ್ರಕಟಿಸಿದ ಸಚಿತ್ರ ಪುಸ್ತಕವೂ ಡಿ. ದೇವಕುಂಜರಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಸಂಸ್ಥೆಗಾಗಿ ಬರೆದ, 1970ರಲ್ಲಿ ಹೊರಬಂದ ಕೈಪಿಡಿಯೂ ಕಟ್ಟಡಗಳನ್ನು ಒಂದೊಂದಾಗಿ ಗುರುತಿಸಿ ನೋಡಲು ಇಂದಿಗೂ ಸಹಕಾರಿ. ಆದರೆ ಇಪ್ಪತ್ತು ವರ್ಷ ಹಿಂದಿನ ಕೈಪಿಡಿಯೊಂದರ ವಸತಿ ಪುಟಗಳನ್ನು ನೆಚ್ಚಿ ಅಲ್ಲಿಗೆ ಹೋಗುವವರಿಗೆ ನಿರಾಶೆ ಖಚಿತ. ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ಹೊಳೆಯಾಚೆಯ ವಿರುಪಾಪುರ ಗಡ್ಡೆಯ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ತರುವಾಯ 2020ರಲ್ಲಿ ಕೆಡವಲಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹಂಪೆ ಬಳ್ಳಾರಿ ಜಿಲ್ಲೆಗೆ ಸೇರಿಲ್ಲ. ಆದ್ದರಿಂದ ಪುಸ್ತಕ ಹಳೆಯದೋ ಹೊಸದೋ ಎಂದು ಕೇಳಿದರೆ ಸಾಲದು. ಅದರ ಯಾವ ಭಾಗ ಹಳತಾಗಿದೆ, ಯಾವ ಭಾಗ ಹಳತಾಗಿಲ್ಲ ಎಂದು ವಿಂಗಡಿಸಿಕೊಳ್ಳಬೇಕು. ಹಿಂದಿನ ಪಾಠವನ್ನೇ ಮತ್ತೆ ಅಚ್ಚುಮಾಡುವ ಮರುಮುದ್ರಣಕ್ಕೂ ಸ್ಥಳಕ್ಕೆ ಹೋಗಿ ಪರಿಶೀಲಿಸಿ ತಿದ್ದಿದ ಪರಿಷ್ಕೃತ ಆವೃತ್ತಿಗೂ ಇರುವ ಅಂತರವನ್ನು ಕೊಳ್ಳುವವರು ಮುದ್ರಣ ವಿವರದ ಪುಟದಲ್ಲಿ ನೋಡಿ ತಿಳಿಯಬೇಕು.

ಓದುಗವರ್ಗ

ಯಾರಿಗೆ ಉಪಯುಕ್ತ ಎಂಬುದನ್ನು ಬಿಟ್ಟು ಉಪಯುಕ್ತತೆಯನ್ನು ನಿರ್ಣಯಿಸಲಾಗದು. ಇದಕ್ಕೆ ಅತ್ಯಂತ ಗಂಭೀರವಾದ ನಿದರ್ಶನ, ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ ಆರಂಭಿಸಿದ, ಗ್ರೀನ್ ಬುಕ್ ಎಂದು ಪ್ರಸಿದ್ಧವಾದ ಕೈಪಿಡಿ. ವರ್ಣಭೇದವಿದ್ದ ಅಮೆರಿಕದಲ್ಲಿ ಕಪ್ಪು ಜನರಿಗೆ ಊಟ, ವಸತಿಗಳನ್ನು ನಿರಾಕರಿಸದ ತಾಣಗಳ ಪಟ್ಟಿ ಅದರಲ್ಲಿತ್ತು. ಬಿಳಿಯ ಪ್ರವಾಸಿಗೆ ಏನೂ ಅಲ್ಲದ ಆ ಪಟ್ಟಿ, ಯಾರಿಗಾಗಿ ಸಿದ್ಧವಾಗಿತ್ತೋ ಅವರಿಗೆ ಮಾನ ಪ್ರಾಣಗಳ ರಕ್ಷಣೆಯಾಗಿತ್ತು. ಸಾರ್ವಜನಿಕ ಸ್ಥಳಗಳಲ್ಲಿ ಭೇದವೆಣಿಸುವುದನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಬಳಿಕ, ಕೆಲವೇ ವರ್ಷಗಳಲ್ಲಿ, ಅದರ ಪ್ರಕಟಣೆ ನಿಂತಿತು. ಇಂದಿನ ಕೈಪಿಡಿಗಳನ್ನೂ ಹೀಗೆಯೇ ಪ್ರಶ್ನಿಸಬೇಕಾಗುತ್ತದೆ: ಒಂಟಿಯಾಗಿ ಪ್ರಯಾಣಿಸುವ ಮಹಿಳೆ, ಮೆಟ್ಟಿಲು ಹತ್ತಲಾರದ ವೃದ್ಧರು, ಗಾಲಿಕುರ್ಚಿ ಬಳಸುವವರು, ಸಸ್ಯಾಹಾರಿಗಳು, ಮಕ್ಕಳೊಂದಿಗೆ ಹೊರಟ ಕುಟುಂಬ ಇವರಿಗೆ ಬೇಕಾದ ವಿವರ ಪುಸ್ತಕದಲ್ಲಿದೆಯೇ ಎಂದು.

ಆಯ್ಕೆ ಮತ್ತು ಶ್ರೇಣೀಕರಣ

ಇರುವುದನ್ನೆಲ್ಲ ಹೇಳುವ ಪುಸ್ತಕಕ್ಕಿಂತ ಆರಿಸಿ ಹೇಳುವ ಪುಸ್ತಕ ಹೆಚ್ಚು ಪ್ರಯೋಜನಕಾರಿ. ಏಕೆಂದರೆ ಪ್ರವಾಸಿಗೆ ಕೊರತೆಯಿರುವುದು ಸಮಯದ್ದು. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಲೇಖಕಿ ಮರಿಯಾನಾ ಸ್ಟಾರ್ಕ್ ಚಿತ್ರ, ಶಿಲ್ಪಗಳ ಮುಂದೆ ಆಶ್ಚರ್ಯಸೂಚಕ ಚಿಹ್ನೆಗಳನ್ನು ಹಾಕಿ ಅವುಗಳ ಮಹತ್ತ್ವವನ್ನು ಸೂಚಿಸಿದಳು; ಬೇಡೆಕರ್ ನಕ್ಷತ್ರವನ್ನು ಬಳಸಿದ. ಉಪಾಹಾರಗೃಹಗಳಿಗೆ 1926ರಿಂದ ನಕ್ಷತ್ರ ನೀಡತೊಡಗಿದ ಮಿಶೆಲಿನ್, ಎರಡು ನಕ್ಷತ್ರವೆಂದರೆ ದಾರಿ ಬಳಸಿಯಾದರೂ ಹೋಗತಕ್ಕದ್ದು, ಮೂರೆಂದರೆ ಅದಕ್ಕಾಗಿಯೇ ಪ್ರಯಾಣ ಕೈಗೊಳ್ಳತಕ್ಕದ್ದು ಎಂದು 1936ರಲ್ಲಿ ವ್ಯಾಖ್ಯಾನಿಸಿತು. ಶ್ರೇಣಿಯನ್ನು ಪ್ರವಾಸಿಯ ಶ್ರಮದ ಲೆಕ್ಕದಲ್ಲಿ ಹೇಳುವ ಈ ಕ್ರಮ ಬರಿಯ ಹೊಗಳಿಕೆಗಿಂತ ಬಹಳ ಸ್ಪಷ್ಟ. ಮಾನದಂಡವನ್ನು ತಿಳಿಸದೆ ಹಾಕಿದ ನಕ್ಷತ್ರ ಅಲಂಕಾರ ಮಾತ್ರ.

ಆಯ್ಕೆಯ ಹಿಂದಿನ ಹಿತಾಸಕ್ತಿಯನ್ನೂ ಅರಿತಿರಬೇಕು. ಮರ್ರೆಯ ಕೈಪಿಡಿಗಳ ಕೊನೆಯಲ್ಲಿ ಜಾಹೀರಾತಿನ ಪುಟಗಳಿದ್ದವು. ಬೇಡೆಕರ್ ಜಾಹೀರಾತನ್ನು ಸ್ವೀಕರಿಸುತ್ತಿರಲಿಲ್ಲ. ಟೈರು ತಯಾರಕರಾದ ಮಿಶೆಲಿನ್ ಸೋದರರು ಮೊದಲು ಕೈಪಿಡಿಯನ್ನು ಉಚಿತವಾಗಿ ಹಂಚಿದ್ದು ಮೋಟಾರು ಓಡಾಟ ಹೆಚ್ಚಲೆಂದು. 1920ರಿಂದ ಅದಕ್ಕೆ ಬೆಲೆಯಿಟ್ಟರು. ಲೇಖಕರು ಹಣ ಕೊಟ್ಟು ತಂಗಿದರೇ, ಆತಿಥ್ಯ ಪಡೆದರೇ ಎಂಬುದನ್ನು ತಾನಾಗಿ ತಿಳಿಸುವ ಕೈಪಿಡಿ ಹೆಚ್ಚಿನ ವಿಶ್ವಾಸಕ್ಕೆ ಅರ್ಹ.

ನಕ್ಷೆ ಮತ್ತು ಅಕಾರಾದಿ

ನಕ್ಷೆ ಕೈಪಿಡಿಯ ಅತ್ಯಂತ ಗಟ್ಟಿಯಾದ ಅಂಗ. ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಗಳು 1944ರಲ್ಲಿ ಫ್ರಾನ್ಸಿಗೆ ಇಳಿಯುವ ಮುನ್ನ, 1939ರ ಮಿಶೆಲಿನ್ ಕೈಪಿಡಿಯನ್ನು ಅದರ ನಗರ ನಕ್ಷೆಗಳಿಗಾಗಿ ವಾಷಿಂಗ್ಟನ್ನಿನಲ್ಲಿ ಮರುಮುದ್ರಿಸಲಾಯಿತು. ನಕ್ಷೆಯಲ್ಲಿ ಪ್ರಮಾಣ, ಅಂದರೆ ಹಾಳೆಯ ಮೇಲಿನ ದೂರಕ್ಕೂ ನೆಲದ ಮೇಲಿನ ದೂರಕ್ಕೂ ಇರುವ ಅನುಪಾತ, ನಮೂದಾಗಿರಬೇಕು. ಇಲ್ಲವಾದರೆ ಸುಮಾರು 42 ಚದರ ಕಿ.ಮೀ. ಹರಡಿರುವ ಹಂಪೆಯಲ್ಲಿ ಎಷ್ಟನ್ನು ನಡೆದು ನೋಡಬಹುದು, ಎಷ್ಟಕ್ಕೆ ವಾಹನ ಬೇಕು ಎಂಬುದು ತಿಳಿಯದು. ಅಕಾರಾದಿಯಲ್ಲಿ, ಎಂದರೆ ಅಕ್ಷರಕ್ರಮದ ಹೆಸರುಪಟ್ಟಿಯಲ್ಲಿ, ಸ್ಥಳನಾಮದ ಹಳೆಯ ಮತ್ತು ಹೊಸ ರೂಪಗಳೆರಡೂ ಇರಬೇಕು. ಕರ್ನಾಟಕದ 12 ನಗರಗಳ ಅಧಿಕೃತ ಹೆಸರುಗಳು 2014ರ ನವೆಂಬರ್ 1ರಂದು ಬದಲಾದವು. ಬೆಲ್ಗಾಮ್, ಬಿಜಾಪುರ, ಗುಲ್ಬರ್ಗ ಎಂದಷ್ಟೇ ಹೇಳುವ ಪುಸ್ತಕವನ್ನು ಹಿಡಿದವರು ಬೆಳಗಾವಿ, ವಿಜಯಪುರ, ಕಲಬುರಗಿ ಎಂಬ ಫಲಕಗಳ ಮುಂದೆ ತಡವರಿಸಬೇಕಾಗುತ್ತದೆ.

ಸ್ಥಳೀಯ ಜನಜೀವನ

ಫ್ರೆಂಚ್ ಚಿಂತಕ ರೊಲಾಂ ಬಾರ್ತ್ 1957ರ ತನ್ನ ಪ್ರಬಂಧ ಸಂಕಲನದಲ್ಲಿ ಗೀಡ್ ಬ್ಲೂ ಎಂಬ ಪ್ರಸಿದ್ಧ ಮಾಲೆಯನ್ನು ವಿಮರ್ಶಿಸುತ್ತ, ಅದು ಸ್ಮಾರಕಗಳನ್ನಷ್ಟೇ ಕಂಡು ಜೀವಂತ ಜನರನ್ನು ಮರೆಮಾಡುತ್ತದೆ ಎಂಬ ಆಕ್ಷೇಪವನ್ನು ಎತ್ತಿದ. ಈ ಆಕ್ಷೇಪ ಇಂದಿಗೂ ಸಲ್ಲುತ್ತದೆ. ವಿರೂಪಾಕ್ಷನಿಗೆ ಇಂದಿಗೂ ನಿತ್ಯಪೂಜೆ ನಡೆಯುವುದನ್ನೂ ಆನೆಗೊಂದಿಯಲ್ಲಿ ಜನ ಬಾಳುತ್ತಿರುವುದನ್ನೂ ಹೇಳದೆ ಹಂಪೆಯನ್ನು ಕೇವಲ ಹಾಳೂರೆಂದು ವರ್ಣಿಸುವ ಕೈಪಿಡಿ, ಕಲ್ಲುಗಳ ವಿಷಯದಲ್ಲಿ ಎಷ್ಟೇ ನಿಖರವಾಗಿದ್ದರೂ, ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ.

ಮೌಲ್ಯಮಾಪನದ ಕ್ರಮ

ದರ, ವೇಳಾಪಟ್ಟಿ, ಸದ್ಯದ ಸ್ಥಿತಿಗತಿಗಳನ್ನು ತಿಳಿಯಲು ಮೊಬೈಲ್ ಫೋನ್ ಇಂದು ಮುದ್ರಿತ ಪುಟಕ್ಕಿಂತ ಸಮರ್ಥವಾದ ಸಾಧನ. ಆದರೆ ಒಂದು ಪ್ರದೇಶವನ್ನು ಇಡಿಯಾಗಿ ಕಂಡು, ಮುಖ್ಯವಾದುದನ್ನು ಆರಿಸಿ, ಒಬ್ಬ ಹೊಣೆಗಾರ ಸಂಪಾದಕನ ಹೆಸರಿನಲ್ಲಿ ಕ್ರಮವಾಗಿ ಹೇಳುವ ಕೆಲಸದಲ್ಲಿ ಒಳ್ಳೆಯ ಕೈಪಿಡಿಯ ಸ್ಥಾನ ಉಳಿದಿದೆ. ವಿದ್ಯುತ್ತೂ ಸಂಪರ್ಕಜಾಲವೂ ಇಲ್ಲದೆಡೆ ಅದನ್ನು ತೆರೆದು ಓದಬಹುದೆಂಬುದು ಹೆಚ್ಚಿನ ಅನುಕೂಲ. ಕೊಳ್ಳುವ ಮೊದಲು ಕೈಪಿಡಿಯನ್ನು ಪರೀಕ್ಷಿಸಲು ಎಲ್ಲರಿಗೂ ಸಾಧ್ಯವಾದ ದಾರಿಯೊಂದಿದೆ: ಓದುಗರು ತಾವು ಹುಟ್ಟಿ ಬೆಳೆದ ಊರನ್ನೋ ಚೆನ್ನಾಗಿ ಬಲ್ಲ ಜಿಲ್ಲೆಯನ್ನೋ ಕುರಿತ ಪುಟಗಳನ್ನು ಮೊದಲು ಓದಿ, ಅಲ್ಲಿಯ ಹೆಸರು, ದೂರ, ಆಯ್ಕೆ ಮತ್ತು ಜನಜೀವನದ ಚಿತ್ರಣ ನಿಜಕ್ಕೆ ಎಷ್ಟು ಹತ್ತಿರವಿದೆ ಎಂದು ನೋಡಬೇಕು. ಬಲ್ಲ ಊರಿನ ವಿಷಯದಲ್ಲಿ ತಪ್ಪುವ ಪುಸ್ತಕವನ್ನು ಕಾಣದ ಊರಿನ ವಿಷಯದಲ್ಲಿ ನಂಬಲು ಕಾರಣವಿಲ್ಲ.