ಜಂಕ್ಷನ್ನಿನ ಹೆಸರಿನಲ್ಲೊಂದು ಆಟದ ಎಂಜಿನು

ಕಳೆದ ಆಷಾಢದಲ್ಲಿ ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತಿದ್ದೆ. ಒಂದೇ ಉಸಿರಿನಲ್ಲಿ ಮೇಲೇರುವ ವಯಸ್ಸು ಈಗ ನನ್ನದಲ್ಲ. ನಾಲ್ಕು ಮೆಟ್ಟಿಲಿಗೊಮ್ಮೆ ವೆಂಕಟರಮಣನ ಸ್ಮರಣೆ, ಹತ್ತು ಮೆಟ್ಟಿಲಿಗೊಮ್ಮೆ ವಿಶ್ರಾಂತಿ. ಜೊತೆಯಲ್ಲಿದ್ದವನು ನನ್ನ ಅಕ್ಕನ ಮಗ. ಬೆಂಗಳೂರಿನ ಖಾಸಗಿ ಕಚೇರಿಯೊಂದರಲ್ಲಿ ನೌಕರ. ಅರಸೀಕೆರೆಯ ಕಡೆಯಿಂದ ರೈಲಿನ ಕೂಗು ಕೇಳಿಸಿದಾಗ ಅವನು ಮಾತು ನಿಲ್ಲಿಸಿ ಕಿವಿಗೊಟ್ಟ. ಅವನ ತಂದೆ, ಎಂದರೆ ನಮ್ಮ ಭಾವನವರು, ಉಗಿಯ ಎಂಜಿನುಗಳ ಕಾಲದಲ್ಲಿ ಅದೇ ನಿಲ್ದಾಣದಿಂದ ಗಾರ್ಡ್ ಆಗಿ ಓಡಾಡಿದವರು. ಮಗ ಚಿಕ್ಕವನಿದ್ದಾಗ ಆಟದ ಎಂಜಿನೊಂದನ್ನು ತಂದುಕೊಡುತ್ತೇನೆಂದು ಹೇಳಿದ್ದರು. ಕೊನೆಗೂ ತಂದುಕೊಡಲು ಆಗಲಿಲ್ಲ.

“ಮಾವ, ಇದನ್ನು ಸ್ವಲ್ಪ ನೋಡಿ” ಎಂದು ಅವನು ಮೊಬೈಲನ್ನು ನನ್ನ ಕೈಗಿಟ್ಟ.

ಅಂತರ್ಜಾಲದ ಹರಾಜಿನ ತಾಣವೊಂದರಲ್ಲಿ ಪುಟ್ಟ ಎಂಜಿನಿನ ಚಿತ್ರವಿತ್ತು. ಕೆಳಗೆ ವಿವರಣೆ: ‘ಅರಸೀಕೆರೆ ಜಂಕ್ಷನ್, 1890. ಎಂ.ಎಸ್.ಎಂ. ರೈಲ್ವೆಯ ಮೂಲ ಮಾದರಿ. ಅತ್ಯಪರೂಪ.’ ಬೆಲೆ 68,000 ರೂಪಾಯಿ. ಹರಾಜು ಮುಗಿಯಲು ಇನ್ನೆರಡು ಗಂಟೆ ಮಾತ್ರ. ಮಗಳ ಕಾಲೇಜಿಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಇದನ್ನು ಕೊಳ್ಳಬೇಕೆಂದು ಅವನು ಮನಸ್ಸು ಮಾಡಿಬಿಟ್ಟಿದ್ದ. ಮಂಟಪದ ನೆರಳಿನಲ್ಲಿ ಕುಳಿತು ನಾವಿಬ್ಬರೂ ಆ ಮೂರು ಸಾಲುಗಳನ್ನು ಚರಿತ್ರೆಯ ಒರೆಗಲ್ಲಿಗೆ ಹಚ್ಚಿದೆವು. ಅದರ ಫಲವನ್ನು ವಾಚಕರ ಮುಂದಿಡುತ್ತಿದ್ದೇನೆ. ಇಂಥ ಮೂರು ಸಾಲು ನಾಳೆ ಅವರ ಕೈಗೂ ಬರಬಹುದು.

1890 ಎಂಬ ಇಸವಿ ಮೇಲುನೋಟಕ್ಕೆ ಸರಿಯಾಗಿಯೇ ಇದೆ. 1876ರಿಂದ 78ರವರೆಗಿನ ದೊಡ್ಡ ಬರ ಕಳೆದ ಮೇಲೆ ಮೈಸೂರು ಸಂಸ್ಥಾನದಲ್ಲಿ ರೈಲುಮಾರ್ಗಗಳ ಕೆಲಸ ಚುರುಕಾಯಿತು. ಬೆಂಗಳೂರಿನಿಂದ ಮೈಸೂರಿಗೆ 1882ರಲ್ಲಿಯೂ ತುಮಕೂರಿಗೆ 1884ರಲ್ಲಿಯೂ ಬಂಡಿ ಓಡಿತು. ತುಮಕೂರಿನ ದಾರಿ ಮುಂದೆ ಬೆಳೆದು, ಅರಸೀಕೆರೆ, ಬೀರೂರುಗಳನ್ನು ಹಾಯ್ದು, 1889ರಲ್ಲಿ ಹರಿಹರ ಮುಟ್ಟಿತು. ಆದುದರಿಂದ 1890ರಲ್ಲಿ ಅರಸೀಕೆರೆಗೆ ರೈಲು ಇತ್ತು. ವಿವರಣೆ ಬರೆದವನು ಅಷ್ಟನ್ನು ಎಲ್ಲಿಯೋ ಓದಿಕೊಂಡಿದ್ದಾನೆ.

ಆದರೆ ‘ಜಂಕ್ಷನ್’ ಎಂಬ ಮಾತಿಗೆ ಎರಡು ದಾರಿಗಳು ಕೂಡಬೇಕು. 1890ರಲ್ಲಿ ಅರಸೀಕೆರೆಗೆ ಇದ್ದದ್ದು ಒಂದೇ ದಾರಿ. ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ಬರುವ ಮಾರ್ಗವನ್ನು ಕೈಗೊಂಡದ್ದು ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಎಂದರೆ 1912ರ ಈಚೆಗೆ. ಆ ಮಾರ್ಗ ಬಂದು ಕೂಡಿದ ಮೇಲಲ್ಲವೆ ಅರಸೀಕೆರೆ ಜಂಕ್ಷನ್ ಆದದ್ದು? ಮದುವೆಗೆ ಮುಂಚೆಯೇ ಅಳಿಯನೆಂದು ಕರೆದಂತಾಯಿತು ಇದು.

ಎರಡನೆಯದು ‘ಎಂ.ಎಸ್.ಎಂ.’ ಎಂಬ ಅಕ್ಷರಗಳು. ಮದ್ರಾಸ್ ಅಂಡ್ ಸದರ್ನ್ ಮರಾಠ ರೈಲ್ವೆ ಎಂಬ ಕಂಪನಿ ಹುಟ್ಟಿದ್ದು 1908ರಲ್ಲಿ, ಹಿಂದಿನ ಎರಡು ಕಂಪನಿಗಳು ಕೂಡಿದಾಗ. ಅದಕ್ಕೆ ಮುಂಚೆ ನಮ್ಮ ದಾರಿಯಲ್ಲಿ ಬಂಡಿ ಓಡಿಸುತ್ತಿದ್ದದ್ದು ಸದರ್ನ್ ಮರಾಠ ಕಂಪನಿ ಮಾತ್ರ. ರೈಲ್ವೆಯ ಹಳೆಯ ಸಾಮಾನುಗಳೆಂದು ಮಾರುವ ದೀಪ, ಗಂಟೆ, ಬಿಲ್ಲೆಗಳಿಗೆಲ್ಲ ಈ ಪರೀಕ್ಷೆ ಸಲ್ಲುತ್ತದೆ. ‘ದಕ್ಷಿಣ ರೈಲ್ವೆ’ ಎಂಬ ಹೆಸರು ಬಂದದ್ದು 1951ರ ಏಪ್ರಿಲ್ 14ರಂದು. ಅರಸೀಕೆರೆ ಈಗ ಸೇರಿರುವ ‘ನೈರುತ್ಯ ರೈಲ್ವೆ’ 2003ರದು. ಹೆಸರಿಗಿಂತ ಇಸವಿ ಹಳೆಯದಾಗಿದ್ದರೆ ಮುಂದೆ ವಿಚಾರಿಸುವ ಅಗತ್ಯವೇ ಇಲ್ಲ.

ಮೂರನೆಯ ಸಾಕ್ಷಿಯನ್ನು ಹುಡುಗನೇ ಕೊಟ್ಟ. ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದವನು, “ಮಾವ, ಇದರ ಮೂತಿ ಗುಂಡಿನ ಹಾಗಿದೆಯಲ್ಲ! ನಮ್ಮ ಊರಿಗೆ ಬರುತ್ತಿದ್ದ ಎಂಜಿನುಗಳು ಹೀಗಿರಲಿಲ್ಲ” ಎಂದ. ಗುಂಡು ಮೂತಿಗೆ ನಕ್ಷತ್ರ ಅಂಟಿಸಿಕೊಂಡು ಓಡುತ್ತಿದ್ದದ್ದು ‘ಡಬ್ಲ್ಯು.ಪಿ.’ ವರ್ಗದ ಎಂಜಿನು. ಅದು ಭಾರತಕ್ಕೆ ಬಂದದ್ದು 1947ರಲ್ಲಿ. ನಮ್ಮ ರೈಲ್ವೆಯ ಕ್ರಮದಲ್ಲಿ ‘ಡಬ್ಲ್ಯು’ ಎಂದರೆ ಬ್ರಾಡ್ ಗೇಜು, ‘ವೈ’ ಎಂದರೆ ಮೀಟರ್ ಗೇಜು. ಅರಸೀಕೆರೆಯ ಹಳಿಗಳು 1990ರ ದಶಕದವರೆಗೂ ಮೀಟರ್ ಗೇಜಿನವು. ಭಾವನವರ ಗಾಡಿಯನ್ನು ಎಳೆದದ್ದು ‘ವೈ.ಪಿ.’, ‘ವೈ.ಜಿ.’ ಎಂಜಿನುಗಳು. ಆ ಹಳಿಯ ಮೇಲೆ ಡಬ್ಲ್ಯು.ಪಿ. ನಿಲ್ಲುವುದೂ ಸಾಧ್ಯವಿರಲಿಲ್ಲ.

ಇಷ್ಟು ಸಾಲದೆಂಬವರಿಗೆ ಲೆಕ್ಕವೂ ಇದೆ. ಹಳಿಯ ಅಗಲ ಹದಿನಾರೂವರೆ ಮಿಲಿಮೀಟರು ಎಂದು ಅದೇ ವಿವರಣೆಯಲ್ಲಿತ್ತು. ಪ್ರಮಾಣ ಮೂಲದ 87ರಲ್ಲಿ ಒಂದು ಪಾಲು. ಎರಡನ್ನೂ ಗುಣಿಸಿದರೆ 1,435 ಮಿಲಿಮೀಟರು. ಅದು ಯೂರೋಪು, ಅಮೆರಿಕಗಳ ಹಳಿಯ ಅಗಲ. ಮೀಟರ್ ಗೇಜಿಗೆ ಹನ್ನೊಂದೂವರೆ, ನಮ್ಮ 1,676 ಮಿಲಿಮೀಟರಿನ ಬ್ರಾಡ್ ಗೇಜಿಗೆ ಹತ್ತೊಂಬತ್ತರ ಮೇಲೆ ಇರಬೇಕಾಗಿತ್ತು. ವಿದೇಶದ ಚಕ್ರಗಳ ಮೇಲೆ ಇಲ್ಲಿಯ ಮೈಯನ್ನು ಕೂರಿಸಿ ಅರಸೀಕೆರೆಯ ಹೆಸರು ಬರೆದಿದ್ದರು.

ಆಟದ ರೈಲುಗಳಿಗೆ ತಮ್ಮದೇ ಆದ ಗೌರವಾನ್ವಿತ ಚರಿತ್ರೆಯುಂಟು. ಜರ್ಮನಿಯ ಮಾರ್ಕ್‌ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಸಂತೆಯಲ್ಲಿ ಹಳಿಸಮೇತವಾದ ಆಟದ ರೈಲನ್ನು ಪ್ರದರ್ಶಿಸಿತು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ತನ್ನ ಮೊದಲ ರೈಲುಗಳನ್ನು ಹೊರತಂದ. 1938ರಲ್ಲಿ ಅದೇ ಕಂಪನಿಯಿಂದ ಮೇಜಿನ ಮೇಲೆ ಹಿಡಿಸುವ ‘ಡಬ್ಲೊ’ ರೈಲು ಬಂತು. ಆ ಆಟಿಕೆಗಳಿಗೆ ಇಂದು ಬೆಲೆಯಿರುವುದು ನಿಜ. ಮೂಲ ಪೆಟ್ಟಿಗೆಯೊಡನೆ ದೊರೆತರೆ ಬೆಲೆ ಇನ್ನೂ ಏರುತ್ತದೆ. ಪೆಟ್ಟಿಗೆಗೆ ಬೆಲೆಯೆಂದಾದ ಕೂಡಲೆ ಹೊಸ ಹಳೆಯ ಪೆಟ್ಟಿಗೆಗಳು ಹುಟ್ಟಿಕೊಂಡವು. ಮಾಸಿದ ಎಂಜಿನುಗಳಿಗೆ ಹೊಸ ಬಣ್ಣ ಬಂತು. ಆ ಕಾಲದ ಸತುವಿನ ಎರಕದಲ್ಲಿ ಸೀಸದ ಕಲ್ಮಶವಿದ್ದರೆ ಕಾಲಕ್ರಮದಲ್ಲಿ ಅದು ಉಬ್ಬಿ ಬಿರುಕು ಬಿಡುತ್ತದೆ. ಆದುದರಿಂದ 1938ರದೆಂದು ಹೇಳಿ ನಿನ್ನೆ ಎರಕ ಹೊಯ್ದಂತೆ ಥಳಥಳಿಸುವ ವಸ್ತುವನ್ನು ಕಂಡರೆ ಸಂತೋಷಕ್ಕೆ ಮುಂಚೆ ಸಂಶಯ ಬರಬೇಕು.

ಹರಾಜು ನಮಗೆ ಹೊಸದೇನೂ ಅಲ್ಲ. ಅರಸೀಕೆರೆಯ ಮಾರುಕಟ್ಟೆಯಲ್ಲಿ ಕಾಯಿ ಕೊಳ್ಳುವವನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೀರಿನ ಸದ್ದು ಕೇಳುತ್ತಾನೆ. ಸವಾಲು ಕೂಗುವವನ ಮುಖ ಎದುರಿಗಿರುತ್ತದೆ. ಅಂತರ್ಜಾಲದ ಹರಾಜು 1995ರಲ್ಲಿ ಅಮೆರಿಕದ ಈಬೇ ತಾಣದಿಂದ ಹೆಸರಿಗೆ ಬಂತು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಲೇಸರ್ ಸೂಚಕ, 14 ಡಾಲರು 83 ಸೆಂಟಿಗೆ. ಕೆಟ್ಟದ್ದೆಂದು ಹೇಳಿಯೇ ಮಾರಿದ್ದರು ಎಂಬುದನ್ನು ಗಮನಿಸಬೇಕು. ನಮ್ಮ ಹುಡುಗ ಕಂಡದ್ದು ಬೇರೆ ತಾಣ. ಅದರ ಹೆಸರು ಬೇಡ. ಇಂಥ ಕಡೆ ಮಾರುವವನ ಗೆಳೆಯನೇ ಇನ್ನೊಂದು ಹೆಸರಿನಿಂದ ಸವಾಲು ಏರಿಸಬಹುದು. ಕೇಳಿದ ಬೆಲೆ ಬೇರೆ, ಆದ ಬೆಲೆ ಬೇರೆ. ನಾಲ್ವರು ದೊಡ್ಡ ಬೆಲೆ ಬರೆದಿದ್ದಾರೆಂದರೆ ನಾಲ್ವರಿಗೆ ಆಸೆಯಿದೆ ಎಂದಷ್ಟೇ ಅರ್ಥ; ಅಂಥದೇ ವಸ್ತು ನಿಜವಾಗಿ ಎಷ್ಟಕ್ಕೆ ಹೋಯಿತೆಂಬುದನ್ನು ನೋಡಬೇಕು.

“ಸುಳ್ಳಾದರೂ ಚೆನ್ನಾಗಿದೆಯಲ್ಲ ಮಾವ” ಎಂದ ಹುಡುಗ. ಚೆನ್ನಾಗಿದ್ದರೆ ಆಟಿಕೆಯೆಂದು, ಆಟಿಕೆಯ ಬೆಲೆಗೆ ಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಬೇಲೂರಿನಲ್ಲಿ ಚಿಕ್ಕ ಕಲ್ಲಿನ ಶಿಲಾಬಾಲಿಕೆಯನ್ನು ಕೊಂಡವನು ಅದನ್ನು ಇಂದಿನದೆಂದು ತಿಳಿದೇ ಮನೆಗೆ ಒಯ್ಯುತ್ತಾನೆ. ಅಲ್ಲಿಯ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಮಾಡಿದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಒಂಬೈನೂರು ವರ್ಷದ ಮೇಲೂ ಯಾರದು, ಎಲ್ಲಿಯದು ಎಂದು ಹೇಳುವ ಸಾಕ್ಷಿ ಅದು. ನಮ್ಮ ಎಂಜಿನಿಗೆ ಮಾಡಿದವನ ಹೆಸರಿಲ್ಲ, ಇಟ್ಟುಕೊಂಡಿದ್ದವನ ಹೆಸರಿಲ್ಲ. ಇದ್ದದ್ದು ಮಾರುವವನ ಮಾತು ಮಾತ್ರ.

ವಸ್ತು ನಿಜವಾಗಿ ರೈಲ್ವೆಯದೇ ಆಗಿದ್ದರೆ ಇನ್ನೊಂದು ತೊಡಕು. ರೈಲ್ವೆ ತನ್ನ ಹಳೆಯ ಸಾಮಾನನ್ನು ತಾನೇ ಹರಾಜು ಹಾಕುತ್ತದೆ. ಹಾಗೆ ಕೊಂಡವನ ಬಳಿ ಕಾಗದವಿರುತ್ತದೆ. ಕಾಗದವಿಲ್ಲದ ದೀಪವೊ ಗಂಟೆಯೊ ಕಳವಿನದಾಗಿರಬಹುದು. ಕದ್ದದ್ದೆಂದು ಶಂಕಿಸಲು ಕಾರಣವಿರುವ ರೈಲ್ವೆಯ ಸ್ವತ್ತನ್ನು ಇಟ್ಟುಕೊಂಡು, ನ್ಯಾಯವಾಗಿ ಬಂದದ್ದೆಂದು ತೋರಿಸಲಾರದವನಿಗೆ 1966ರ ಕಾಯಿದೆಯಲ್ಲಿ ಐದು ವರ್ಷದವರೆಗೆ ಸೆರೆವಾಸವುಂಟು. ಸುಳ್ಳಾದರೆ ಹಣ ಹೋಯಿತು. ನಿಜವಾದರೆ ಮಾನವೂ ಹೋದೀತು. ಹಳೆಯದನ್ನು ಕಣ್ಣಾರೆ ನೋಡುವ ಆಸೆಯಿದ್ದವರಿಗೆ ಮೈಸೂರಿನಲ್ಲಿ 1979ರಿಂದ ರೈಲ್ವೆ ವಸ್ತುಸಂಗ್ರಹಾಲಯವಿದೆ.

ಎರಡು ಗಂಟೆ ಕಳೆಯಿತು. ಹುಡುಗ ಸವಾಲು ಹಾಕಲಿಲ್ಲ. ಬೆಟ್ಟ ಇಳಿಯುವಾಗ ಅವನ ಮುಖ ಬಾಡಿತ್ತು. ನನ್ನ ಚರಿತ್ರೆ ಅವನ ಹಣ ಉಳಿಸಿತೇ ಹೊರತು ಆಸೆಯನ್ನು ತೀರಿಸಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅಕ್ಕನಿಗೆ ಎಲ್ಲವನ್ನೂ ಹೇಳಿದೆವು. “ಅವರದು ಅಂತ ಮನೆಯಲ್ಲಿ ಒಂದು ಸಾಮಾನೂ ಇಲ್ಲವಲ್ಲಮ್ಮ” ಎಂದ ಮಗ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೇಗಿರುತ್ತೆ? ರಿಟೈರಾದ ದಿನವೇ ದೀಪ, ಸೀಟಿ, ಬಾವುಟ ಎಲ್ಲಾ ಒಪ್ಪಿಸಿ ಬಂದರು. ಒಂದಾದರೂ ಇಟ್ಕೊಳ್ಳಬಾರದಿತ್ತೇ ಅಂದೆ. ನಮ್ಮದಲ್ಲ ಕಣೇ ಅಂದರು” ಎಂದಳು. ಆಮೇಲೆ ಎದ್ದು ಹೋಗಿ ಟ್ರಂಕಿನ ತಳದಿಂದ ಒಂದು ಲಕೋಟೆ ತಂದಳು. ಒಳಗೆ ಮಡಿಸಿದ, ಹಳದಿಯಾದ ರಸೀದಿ. ದೀಪ ಒಂದು, ಸೀಟಿ ಒಂದು, ಹಸಿರು ಬಾವುಟ ಒಂದು, ಕೆಂಪು ಎರಡು. ಕೆಳಗೆ ಮಸುಕಾದ ಮೊಹರು: ಅರಸೀಕೆರೆ ಜಂಕ್ಷನ್.

ಹುಡುಗ ಎಡಗೈಯಲ್ಲಿ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಓದಿದ. ಎಲೆಯ ಮೇಲಿನ ಸಾರು ಆರಿಹೋಯಿತು.